ಚಪ್ಪಡಿ ಎವರಿಸ್ತೊನ ಹುಬ್ಬು

ನಮ್ಮೂರು ಸಾಂತಾ ಎದುವಿಹೆಸ್‌ಗೆ ಬರುವ ರಸ್ತೆಯಲ್ಲಿ, ಗೋಧಿಯ ಉಗ್ರಾಣ ದಾಟಿದ ಕೂಡಲೇ ಒಂದು ದೊಡ್ಡ ಫಲಕ ಸಿಗುತ್ತದೆ. ‘ಪೋಕರ್ ವಿಶ್ವ ಚಾಂಪಿಯನ್ ಎವರಿಸ್ತೊ ಬೋರ್ದಗರೈ ಅವರ ಹೆಮ್ಮೆಯ ಊರಿಗೆ ಸ್ವಾಗತ’ ಎಂದು ಅದರಲ್ಲಿ ಬರೆದಿದೆ. ಪಕ್ಕದಲ್ಲಿ ಅವನ ಮುಖದ ಚಿತ್ರ. ಆ ಫಲಕ ಹಾಕಿಸಿದ ಪುರಸಭೆಯ ಮಹನೀಯರಲ್ಲಿ ಒಬ್ಬರಾದರೂ ಅದಕ್ಕೆ ಮುಂಚೆ ಅವನ ಜೊತೆ ಕೂತು ಒಂದು ಆಟ ಇಸ್ಪೀಟು ಆಡಿದವರಲ್ಲ. ಬಾ ಎಂದು ಕರೆದವರೂ ಅಲ್ಲ. ಎದ್ದು ಹೋಗು ಎಂದವರು ಮಾತ್ರ ಇದ್ದಾರೆ. ಅವರು ಯಾರು ಯಾರೆಂದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಎಲ್ಲರ ಕೂದಲೂ ಕತ್ತರಿಸುವವನು ನಾನೇ.

ನಾನು ಫೆರ್ಮಿನ್, ಚೌಕದ ಮೂಲೆಯ ಕ್ಷೌರಿಕ. ಎವರಿಸ್ತೊನ ಬದುಕಿನ ಬಗ್ಗೆ ಬರೆಯುತ್ತೇವೆಂದು ರಾಜಧಾನಿಯಿಂದ ಬಂದುಹೋದವರಿಗೆ ಲೆಕ್ಕವಿಲ್ಲ. ಅವರು ಬರೆದದ್ದನ್ನು ಓದಿ ನನಗೆ ಮೈಯೆಲ್ಲ ಉರಿದಿದೆ. ಅವನು ಯಾವುದೋ ಬೆಟ್ಟದ ಮೇಲೆ ಒಬ್ಬ ಸನ್ಯಾಸಿಯ ಬಳಿ ಉಸಿರು ಹಿಡಿಯುವುದನ್ನು ಕಲಿತನಂತೆ. ನಮ್ಮ ಜಿಲ್ಲೆಯಲ್ಲಿ ಬೆಟ್ಟ ಹಾಗಿರಲಿ, ಹಸು ಹತ್ತಿ ನಿಲ್ಲುವಷ್ಟು ದಿಬ್ಬವೂ ಇಲ್ಲ. ಅವನಿಗೆ ಗೊತ್ತಿದ್ದ ಸನ್ಯಾಸಿಯೆಂದರೆ ನಮ್ಮ ಪಾದ್ರಿ ಪಂತಾಲೆಯೋನ್, ಅವರು ಮೆಟ್ಟಿಲು ಹತ್ತಿದರೇ ಏದುಸಿರು ಬಿಡುವವರು. ಹಾಗಾಗಿ ಈ ಕೆಲಸ ನನ್ನ ಪಾಲಿಗೆ ಬಂತು. ಅವನ ಮಾವ ದೋನ್ ಕಸಿಮಿರೊ ಕಣ್ಣುಮುಚ್ಚಿ ಒಂದು ವರ್ಷ ಕಳೆಯಿತು. ಈಗ ಹೇಳಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಮೊದಲು ಮುಖದ ವಿಷಯ. ಎವರಿಸ್ತೊ ಬೇಕರಿಯವರ ಮಗ. ಹುಟ್ಟಿದಾಗ ಎಲ್ಲ ಮಕ್ಕಳಂತೆ ಅತ್ತನಂತೆ, ಆದರೆ ಮುಖ ಕಿವುಚದೆ ಅತ್ತನಂತೆ. ಸೂಲಗಿತ್ತಿ ಹೆದರಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ದೊಡ್ಡವನಾದ ಮೇಲೆ ಡಾಕ್ಟರು ದೀಪ ಹಿಡಿದು, ಸೂಜಿ ಚುಚ್ಚಿ ಪರೀಕ್ಷೆ ಮಾಡಿ, “ನರಗಳೆಲ್ಲ ಸರಿಯಾಗಿವೆ, ಹುಡುಗ ಅವನ್ನ ಉಪಯೋಗಿಸ್ತಿಲ್ಲ, ಅಷ್ಟೇ” ಎಂದರು. ತಿನ್ನುತ್ತಿದ್ದ, ಮಾತಾಡುತ್ತಿದ್ದ, ಎರಡು ಕಣ್ಣನ್ನೂ ಒಟ್ಟಿಗೆ ಮುಚ್ಚುತ್ತಿದ್ದ. ಅದಕ್ಕಿಂತ ಹೆಚ್ಚಿನದು ಏನೂ ಅವನ ಮುಖದಲ್ಲಿ ನಡೆಯುತ್ತಿರಲಿಲ್ಲ. ನಕ್ಕರೆ ಭುಜ ಕುಣಿಯುತ್ತಿತ್ತು. ದುಃಖವೋ ನಾಚಿಕೆಯೋ ಆದರೆ ಕಿವಿ ಕೆಂಪಗಾಗುತ್ತಿತ್ತು. ಈ ಕಿವಿಯ ಸಂಗತಿ ನನಗೊಬ್ಬನಿಗೇ ಗೊತ್ತಿದ್ದದ್ದು. ಅದು ಗೊತ್ತಾದಾಗಿನಿಂದ ಅವನ ಕೂದಲನ್ನು ಕಿವಿ ಮುಚ್ಚುವಷ್ಟು ಉದ್ದ ಬಿಟ್ಟೇ ಕತ್ತರಿಸುತ್ತ ಬಂದೆ. ಆದ್ದರಿಂದ ಆ ವಿಶ್ವ ಚಾಂಪಿಯನ್‌ಗಿರಿಯಲ್ಲಿ ಅರ್ಧ ಪಾಲು ನನ್ನ ಕತ್ತರಿಯದು ಎಂದು ನಾನು ಹೇಳಿಕೊಳ್ಳುತ್ತೇನೆ. ಯಾರೂ ಒಪ್ಪಿಲ್ಲ. ಫಲಕದಲ್ಲಿ ನನ್ನ ಹೆಸರೂ ಇಲ್ಲ.

ಶಾಲೆಯಲ್ಲಿ ಹುಡುಗರು ಅವನಿಗೆ ‘ಚಪ್ಪಡಿ’ ಎಂದು ಹೆಸರಿಟ್ಟರು. ಬೇರೆ ಊರಿನಲ್ಲಾಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ನಮ್ಮದು ತ್ರುಕೊ ಆಡುವ ಊರು.

ತ್ರುಕೊ ಎಂದರೆ ಇಬ್ಬರಿಗಿಬ್ಬರು ಎದುರುಬದುರು ಆಡುವ ಇಸ್ಪೀಟು. ನಿಮ್ಮ ಜೊತೆಗಾರ ಮೇಜಿನ ಆಚೆ ಬದಿಯಲ್ಲಿ ಕೂತಿರುತ್ತಾನೆ. ಕೈಯಲ್ಲಿ ಏನಿದೆ ಎಂದು ಬಾಯಿಬಿಟ್ಟು ಹೇಳುವಂತಿಲ್ಲ, ಮುಖದಲ್ಲಿ ಹೇಳಬೇಕು. ನಮ್ಮ ಎಲೆಗಳ ಮೇಲಿರುವುದು ಕತ್ತಿ, ದೊಣ್ಣೆಗಳ ಚಿತ್ರ. ಎಲ್ಲಕ್ಕಿಂತ ದೊಡ್ಡದಾದ ಕತ್ತಿ ಎಕ್ಕ ಬಂದಿದ್ದರೆ ಎರಡು ಹುಬ್ಬೂ ಮೇಲೆತ್ತಬೇಕು. ದೊಣ್ಣೆ ಎಕ್ಕವಾದರೆ ಒಂದು ಕಣ್ಣು ಮಿಟುಕಿಸಬೇಕು. ಕತ್ತಿಯ ಏಳಕ್ಕೆ ಬಾಯಿಯನ್ನು ಬಲಕ್ಕೆ ಓರೆ ಮಾಡಬೇಕು. ಈ ಸನ್ನೆಗಳು ಕಳ್ಳಾಟವಲ್ಲ, ಆಟದ ಜೀವವೇ ಅವು. ಎದುರಾಳಿ ಅತ್ತ ತಿರುಗಿದ ಗಳಿಗೆಯಲ್ಲಿ ಜೊತೆಗಾರನಿಗೆ ಮಾತ್ರ ಕಾಣುವಂತೆ ಕೊಡುವುದೇ ಜಾಣತನ.

ಈ ಚಾಳಿ ನಮ್ಮಲ್ಲಿ ಮೇಜಿಗೆ ಮಾತ್ರ ನಿಂತಿಲ್ಲ. ಮಾಂಸದ ಅಂಗಡಿಯವನು “ಇವತ್ತಿನ ಮಾಂಸ ಭಾರಿ ಚೆನ್ನಾಗಿದೆ” ಎನ್ನುತ್ತ ಒಂದು ಕಣ್ಣು ಹೊಡೆದರೆ ಅದು ನಿನ್ನೆಯದು ಎಂದರ್ಥ. ನೀವು ತಿರುಗಿ ಹುಬ್ಬೆತ್ತಿದರೆ ಒಳಗಿನಿಂದ ಒಳ್ಳೆಯ ತುಂಡು ಬರುತ್ತದೆ. ಪಾದ್ರಿ ಪಂತಾಲೆಯೋನ್ ಇವತ್ತು ಪ್ರವಚನ ಚಿಕ್ಕದೆಂದು ಬಾಯಿ ಓರೆ ಮಾಡಿ ತಿಳಿಸುತ್ತಾರೆ, ಇಡೀ ಸಭೆ ಭಕ್ತಿಯಿಂದ ನಿಟ್ಟುಸಿರು ಬಿಡುತ್ತದೆ. ಇಂಥ ಊರಿನಲ್ಲಿ ಎವರಿಸ್ತೊನದು ನಾಯಿಪಾಡು. ಅವನನ್ನು ಅಂಗಡಿಗೆ ಕಳಿಸಿದ ತಪ್ಪಿಗೆ ಬೇಕರಿಯವರ ಮನೆಯಲ್ಲಿ ವರ್ಷಗಟ್ಟಲೆ ನಿನ್ನೆಯ ಮಾಂಸವನ್ನೇ ತಿಂದರು. ಹೆಂಗಸರು ಅವನಿಗೆ ಸೊಕ್ಕು ಎಂದರು, ಗಂಡಸರು ದಡ್ಡ ಎಂದರು. ಅವನು ಎರಡೂ ಅಲ್ಲ. ನಾನು ಕಂಡವರಲ್ಲಿ ಅಷ್ಟು ಮೆತ್ತನೆಯ ಮನಸ್ಸಿನವನು ಇನ್ನೊಬ್ಬನಿಲ್ಲ.

ಇಂಥವನು ಪ್ರೀತಿಸಿದ್ದು ಯಾರನ್ನು? ದೋನ್ ಕಸಿಮಿರೊನ ಮಗಳು ದೆಲ್ಮಿರಾಳನ್ನು. ದೋನ್ ಕಸಿಮಿರೊ ನಮ್ಮೂರಿನ ಸ್ಟೇಷನ್ ಮಾಸ್ತರ. ರೈಲು ನಿಂತು ಎಷ್ಟೋ ಕಾಲವಾಗಿತ್ತು, ಮಾಸ್ತರಿಕೆ ಮಾತ್ರ ನಿಂತಿರಲಿಲ್ಲ. ಹಿತ್ತಾಳೆ ಗುಂಡಿಯ ಕೋಟು ಹಾಕಿಕೊಂಡೇ ‘ಒಗ್ಗಟ್ಟು ಮತ್ತು ಪ್ರಗತಿ’ ಕ್ಲಬ್ಬಿಗೆ ಬಂದು, ಗೋಡೆ ಗಡಿಯಾರದ ಕೆಳಗಿನ ಮೇಜಿನಲ್ಲಿ ಕೂರುತ್ತಿದ್ದ. ಆ ಕ್ಲಬ್ಬಿನಲ್ಲಿ ಒಗ್ಗಟ್ಟನ್ನು ನಾನು ಕಂಡಿಲ್ಲ, ಪ್ರಗತಿಯನ್ನು ಯಾರೂ ಕಂಡಿಲ್ಲ, ಆದರೆ ದೋನ್ ಕಸಿಮಿರೊನ ತ್ರುಕೊ ಮಾತ್ರ ನೋಡುವಂಥದ್ದು. ಎದುರಿಗೆ ಜೊತೆಗಾರನಾಗಿ ಅವನ ಜೀವದ ಗೆಳೆಯ ರೊಸೌರೊ. ಇಬ್ಬರೂ ಕೂತರೆ ಸುತ್ತಲಿನ ಊರುಗಳೆಲ್ಲ ಸೋತು ಸುಣ್ಣವಾಗುತ್ತಿದ್ದವು.

ಮಗಳನ್ನು ಕೇಳಲು ಬಂದವನನ್ನು ದೋನ್ ಕಸಿಮಿರೊ ಜಮೀನೆಷ್ಟು, ಹಸುವೆಷ್ಟು ಎಂದು ಕೇಳುತ್ತಿರಲಿಲ್ಲ. ಎದುರಿನ ಕುರ್ಚಿಯಲ್ಲಿ ಜೊತೆಗಾರನಾಗಿ ಕೂರಿಸಿ ಒಂದು ಆಟ ಆಡುತ್ತಿದ್ದ. ಎವರಿಸ್ತೊನ ಸರದಿ ಬಂದ ದಿನ ರೊಸೌರೊ ಎದ್ದು ಕುರ್ಚಿ ಬಿಟ್ಟುಕೊಟ್ಟ. ಇಡೀ ಕ್ಲಬ್ಬು ಸುತ್ತ ನೆರೆದಿತ್ತು. ಆ ಪಾಪದವನಿಗೆ ಮೊದಲನೆಯ ಕೈಯಲ್ಲೇ ಕತ್ತಿ ಎಕ್ಕ ಬಂತು. ದೋನ್ ಕಸಿಮಿರೊ ಅವನ ಮುಖವನ್ನೇ ದಿಟ್ಟಿಸಿದ. ಎವರಿಸ್ತೊನ ಹಣೆಯಲ್ಲಿ ಬೆವರು ಇಳಿಯಿತು, ಬೇರೇನೂ ಆಗಲಿಲ್ಲ. ಮಾವನಾಗಬೇಕಾದವನು ಕಾದು ಕಾದು ಎಲೆ ಬಿಸುಟು ಆ ಕೈಯನ್ನು ಬಿಟ್ಟುಕೊಟ್ಟ. ಆಮೇಲೆ ಎವರಿಸ್ತೊ ತನ್ನ ಎಲೆ ತೋರಿಸಿದ.

“ಏನೋ ಇದು!” ಎಂದು ದೋನ್ ಕಸಿಮಿರೊ ಮೇಜು ಗುದ್ದಿದ. “ಕತ್ತಿ ಎಕ್ಕ ಕೈಯಲ್ಲಿ ಇಟ್ಕೊಂಡು ಸತ್ತ ಮೀನಿನ ಥರ ನನ್ನೇ ನೋಡ್ತಾ ಕೂತಿದ್ಯಲ್ಲೋ!”

“ಎತ್ತಿದೆ, ದೋನ್ ಕಸಿಮಿರೊ.”

“ಏನನ್ನ ಎತ್ತಿದೆ?”

“ಹುಬ್ಬು.”

“ಯಾವಾಗ?”

“ಇನ್ನೂ ಎತ್ಕೊಂಡೇ ಇದೀನಿ.”

ಕ್ಲಬ್ಬು ಬಿದ್ದು ಬಿದ್ದು ನಕ್ಕಿತು. ಈಗಿನ ಪುರಸಭೆ ಅಧ್ಯಕ್ಷ ಬಾಲ್ಬಿನೊ ಆಗ ಔಷಧಿ ಅಂಗಡಿಯವನು. ಅವನಂತೂ ಹೊಟ್ಟೆ ಹಿಡಿದುಕೊಂಡು ನೆಲಕ್ಕೇ ಕೂತ. ದೋನ್ ಕಸಿಮಿರೊ ನಗಲಿಲ್ಲ.

“ಏಳು ಮೇಲೆ. ಗೋಡೆ ಜೊತೆ ನಾನು ಆಡೋನಲ್ಲ. ಗೋಡೆಗೆ ಮಗಳನ್ನ ಕೊಡೋನೂ ಅಲ್ಲ.”

ದೆಲ್ಮಿರಾ ಅವನನ್ನೇ ಮದುವೆಯಾದಳು. ಅವಳು ಅಪ್ಪನ ಮಗಳೇ, ಹಟದಲ್ಲಿ ಅಪ್ಪನಿಗೆ ಒಂದು ಕೈ ಮೇಲು. “ಈ ಊರಲ್ಲಿ ಎಲ್ಲರ ಮುಖಾನೂ ಸುಳ್ಳು ಹೇಳತ್ತೆ ಫೆರ್ಮಿನ್, ಇವನದ್ದು ಸುಮ್ನಾದ್ರೂ ಇರತ್ತೆ” ಎಂದು ನನ್ನ ಹತ್ತಿರ ಹೇಳಿದ್ದಳು. ಅಪ್ಪ ಮದುವೆಗೆ ಬಂದ, ಚರ್ಚಿನ ಬಾಗಿಲಲ್ಲಿ ನಿಂತು ಗಡಿಯಾರ ನೋಡಿಕೊಂಡು ಹೊರಟುಹೋದ. ಅಂದಿನಿಂದ ಅಳಿಯ ಕೂತ ಮೇಜಿನಲ್ಲಿ ಅವನು ಒಂದು ಎಂಪನಾಡ ಕಡುಬನ್ನೂ ತಿನ್ನಲಿಲ್ಲ. ಎವರಿಸ್ತೊ ಭಾನುವಾರ ತಪ್ಪದೆ ಕ್ಲಬ್ಬಿಗೆ ಹೋಗುತ್ತಿದ್ದ. ವರ್ಮುತ್ ಮದ್ಯದ ಲೋಟ ಹಿಡಿದು ರೊಸೌರೊನ ಕುರ್ಚಿಯ ಹಿಂದೆ ನಿಂತು ಆಟ ನೋಡುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಒಂದೇ, ಆ ಕುರ್ಚಿ. ಅದರಲ್ಲಿ ಕೂತು ಮಾವನಿಗೆ ಹುಬ್ಬೆತ್ತಿ ತೋರಿಸಬೇಕು, ಅದನ್ನು ಮಾವ ನೋಡಬೇಕು. ಇಷ್ಟು ಸಣ್ಣ ಆಸೆ. ಲೋಕವೆಲ್ಲ ಸುತ್ತಿ ಬಂದ ಮೇಲೂ ಅದು ಬದಲಾಗಲಿಲ್ಲ.

ಇನ್ನು ಆ ಲೋಕ ಸುತ್ತಿದ ಕಥೆ. ಎವರಿಸ್ತೊ ಡೈರಿಯ ಲಾರಿ ಓಡಿಸುತ್ತಿದ್ದ. ಚೀಸು ತುಂಬಿಕೊಂಡು ಕಡಲ ದಂಡೆಯ ದೊಡ್ಡ ಊರಿಗೆ ಹೋಗಿ ಖಾಲಿ ಡಬ್ಬ ತುಂಬಿಕೊಂಡು ಬರುವ ಕೆಲಸ. ಒಂದು ಮಧ್ಯಾಹ್ನ ಅಲ್ಲಿ ಅವನ ಹೊಟ್ಟೆ ಕೆಟ್ಟಿತು. ಎದುರಿಗೆ ಕಂಡದ್ದು ಒಂದು ಜೂಜಿನ ಮನೆ. ಒಳಗೆ ಓಡಿದರೆ ಕಾವಲಿನವನು ಅಡ್ಡ ನಿಂತು, “ಕಕ್ಕಸು ಆಟಗಾರರಿಗೆ ಮಾತ್ರ” ಎಂದ. ಎವರಿಸ್ತೊ ಅಲ್ಲಿ ಸಿಗುವ ಅತಿ ಅಗ್ಗದ ಪಣದ ಬಿಲ್ಲೆಗಳನ್ನು ಕೊಂಡು ಆಟಗಾರನಾದ. ಕೆಲಸ ಮುಗಿಸಿ ಹೊರಗೆ ಬಂದ ಮೇಲೆ, ಕೊಂಡದ್ದನ್ನು ಹಾಳು ಮಾಡುವುದೇಕೆ ಎಂದು ಖಾಲಿ ಕುರ್ಚಿ ಇದ್ದ ಮೇಜಿಗೆ ಹೋಗಿ ಕೂತ. ಅದು ಪೋಕರ್ ಮೇಜು. ಬೆಟ್ಟವೂ ಇಲ್ಲ, ಸನ್ಯಾಸಿಯೂ ಇಲ್ಲ. ಇಷ್ಟೇ ನಡೆದದ್ದು.

ಪೋಕರ್ ಕೂಡ ಸುಳ್ಳು ಹೇಳುವ ಆಟವೇ, ಆದರೆ ಅಲ್ಲಿ ಜೊತೆಗಾರನಿಲ್ಲ. ಸುತ್ತ ಕೂತವರೆಲ್ಲ ಎದುರಾಳಿಗಳು. ನಿಮ್ಮ ಕೈಯಲ್ಲಿ ಏನಿದೆಯೆಂದು ಮುಖ ನೋಡಿ ಕಂಡುಹಿಡಿಯುವುದೇ ಅವರ ಕಸುಬು. ಅವರು ಎವರಿಸ್ತೊನನ್ನು ನೋಡಿದರು. ಇನ್ನೂ ನೋಡಿದರು. ಕಪ್ಪು ಕನ್ನಡಕದ ಒಬ್ಬ ಕನ್ನಡಕ ತೆಗೆದು ಒರೆಸಿಕೊಂಡು ನೋಡಿದ. ಸಂಜೆಯ ಹೊತ್ತಿಗೆ ಅವರ ಬಿಲ್ಲೆಗಳೆಲ್ಲ ಡೈರಿ ಲಾರಿಯವನ ಮುಂದಿದ್ದವು.

ಊರಿಗೆ ಬಂದು ನನ್ನ ಕುರ್ಚಿಯಲ್ಲಿ ಕೂತಾಗ ಅವನು ಹೇಳಿದ್ದು ಗೆಲುವಿನ ಮಾತಲ್ಲ. “ಎಲ್ಲರೂ ನನ್ನ ಮುಖಾನೇ ನೋಡ್ತಿದ್ರು ಫೆರ್ಮಿನ್. ಹುಟ್ಟಿದಾಗಿನಿಂದ ಯಾರೂ ಅಷ್ಟು ಹೊತ್ತು ನನ್ನ ಮುಖ ನೋಡಿರ್ಲಿಲ್ಲ” ಎಂದ. ಭುಜ ಕುಣಿಯುತ್ತದೇನೋ ಎಂದು ನೋಡಿದೆ. ಕುಣಿಯಲಿಲ್ಲ.

ಅಲ್ಲಿಂದ ಮುಂದಿನದು ನಿಮಗೆ ಪತ್ರಿಕೆಯಲ್ಲಿ ಸಿಗುತ್ತದೆ. ಕಡಲ ದಂಡೆಯಿಂದ ಪನಾಮಾ, ಪನಾಮಾದಿಂದ ಉತ್ತರದ ಮರುಭೂಮಿಯ ಜೂಜಿನ ಊರು. ಅಲ್ಲಿ ಬೆಳ್ಳಿಯ ಗೂಳಿಯೊಂದನ್ನು ಗೆದ್ದು ವಿಶ್ವ ಚಾಂಪಿಯನ್ ಆದ. ಆ ಆಟವನ್ನು ಟೀವಿಯಲ್ಲಿ ಕ್ಲಬ್ಬಿನವರೆಲ್ಲ ಕೂತು ನೋಡಿದೆವು. ವಿವರಣೆ ಕೊಡುತ್ತಿದ್ದವನು “ಈ ಮುಖದ ಹಿಂದೆ ಎಂಥ ಚಂಡಮಾರುತ ಬೀಸ್ತಾ ಇರಬಹುದು!” ಎಂದು ಗಂಟಲು ಗದ್ಗದ ಮಾಡಿಕೊಂಡ. ಆಮೇಲೆ ನಾನು ಎವರಿಸ್ತೊನನ್ನು ಕೇಳಿದೆ, ಆಗ ಏನು ಯೋಚನೆ ಮಾಡುತ್ತಿದ್ದೆ ಎಂದು. “ದೆಲ್ಮಿರಾ ಗ್ಯಾಸ್ ಆರಿಸಿದ್ಳೋ ಇಲ್ವೋ ಅಂತ” ಎಂದ.

ರಾಜಧಾನಿಯಲ್ಲಿ ಅವನ ಹೆಸರಿನಲ್ಲಿ ಯಾರೋ ಶಿಬಿರ ತೆರೆದರು. ಬ್ಯಾಂಕಿನವರು, ವಕೀಲರು, ಕೊನೆಗೆ ಮಂತ್ರಿಗಳು ಕೂಡ ಹೋಗಿ ಮುಖ ಅಲುಗಿಸದೆ ಕೂರುವುದನ್ನು ಕಲಿತರಂತೆ. ಮಂತ್ರಿಗಳಿಗೆ ಅದನ್ನು ಕಲಿಸಬೇಕಾಗಿ ಬಂತೆಂಬುದೇ ನನಗೆ ಸೋಜಿಗ. ಒಬ್ಬ ಪತ್ರಕರ್ತೆ ನಿಮ್ಮ ಗೆಲುವಿನ ಗುಟ್ಟೇನು ಎಂದು ಕೇಳಿದಾಗ ಅವನು “ನಂಗೊತ್ತಿಲ್ಲ” ಎಂದ. ‘ಆಳವಾದ ಮೌನ’ ಎಂದು ಅಚ್ಚಾಯಿತು. ಸೊಳ್ಳೆಬತ್ತಿ ಕಂಪನಿಯೊಂದು ಅವನನ್ನು ಜಾಹೀರಾತಿಗೆ ಹಿಡಿಯಿತು. ಅದರಲ್ಲಿ ಮೂಗಿನ ಮೇಲೆ ಸೊಳ್ಳೆ ಕೂತಿರುತ್ತದೆ, ಅವನು ಅಲುಗುವುದಿಲ್ಲ. ‘ಎಲ್ಲರೂ ಎವರಿಸ್ತೊ ಆಗಲಾರರು, ನಮ್ಮ ಬತ್ತಿ ಹಚ್ಚಿ’ ಎಂಬ ಬರಹ. ಈ ಜಾಹೀರಾತನ್ನು ನೆನಪಿಟ್ಟುಕೊಳ್ಳಿ.

ಬೆಳ್ಳಿಯ ಗೂಳಿಯನ್ನು ದೆಲ್ಮಿರಾ ಅಡುಗೆಮನೆ ಬಾಗಿಲು ಬಡಿಯದಂತೆ ಅಡ್ಡ ಇಟ್ಟಳು. ಇಷ್ಟೆಲ್ಲ ಆದ ಮೇಲೆ ಎವರಿಸ್ತೊ ಊರಿಗೆ ಬಂದ ಮೊದಲ ಭಾನುವಾರ ಎಲ್ಲಿಗೆ ಹೋದ ಅಂದುಕೊಂಡಿರಿ? ಕ್ಲಬ್ಬಿಗೆ. ವರ್ಮುತ್ ಲೋಟ ಹಿಡಿದು ರೊಸೌರೊನ ಕುರ್ಚಿಯ ಹಿಂದೆ ನಿಂತ. ದೋನ್ ಕಸಿಮಿರೊ ತಲೆ ಎತ್ತಲಿಲ್ಲ.

“ನಿಂಗೆ ಇನ್ನೂ ಆ ಕುರ್ಚಿ ಚಿಂತೆಯೇನಯ್ಯ? ಲೋಕಾನೇ ಗೆದ್ದು ಬಂದಿದೀಯ!” ಎಂದು ಮರುದಿನ ಅಂಗಡಿಯಲ್ಲಿ ನಾನು ರೇಗಿದೆ.

“ಅಲ್ಲಿ ಎಲ್ಲರೂ ಮುಖ ಮುಚ್ಕೊಂಡು ಕೂರ್ತಾರೆ ಫೆರ್ಮಿನ್. ಟೋಪಿ, ಕನ್ನಡಕ, ಮಫ್ಲರು. ಯಾರೂ ಯಾರಿಗೂ ಏನೂ ಹೇಳಬಾರದು ಅಂತ. ಇಲ್ಲಾದ್ರೆ ಒಬ್ಬನಿಗೆ ಹೇಳಕ್ಕೆ ಅಂತ ಎಷ್ಟು ಕಷ್ಟ ಪಡ್ತಾರೆ ನೋಡು” ಎಂದ. ನಾನು ಬ್ಲೇಡು ಬದಲಾಯಿಸಿದೆ.

ಆ ವರ್ಷದ ಬೇಸಗೆಯಲ್ಲಿ ರೊಸೌರೊ ಸತ್ತ. ದೋನ್ ಕಸಿಮಿರೊ ಮಣ್ಣಿಗೆ ಬಂದವನು ತಿಂಗಳುಗಟ್ಟಲೆ ಎಲೆ ಮುಟ್ಟಲಿಲ್ಲ. ಆದರೆ ಜುಲೈ ಬರುತ್ತಿತ್ತು, ಭೂಮಿಯ ದಕ್ಷಿಣ ಭಾಗದ ನಮಗೆ ಅದು ನಡು ಚಳಿಗಾಲ. ಪ್ರತಿ ಜುಲೈಯಲ್ಲಿ, ಚಳಿ ಮೂಳೆ ಕೊರೆಯುವ ಹೊತ್ತಿಗೆ, ಪಕ್ಕದ ತೋರ್ದೋಸ್ ಊರಿನವರೊಡನೆ ನಮಗೆ ತ್ರುಕೊ ಪಂದ್ಯ. ಗೆದ್ದವರಿಗೆ ಮೂತಿ ಮುಕ್ಕಾದ ಒಂದು ಹಳೆಯ ಸೂಪಿನ ಪಾತ್ರೆ. ಆ ಪಾತ್ರೆಗಾಗಿ ಎರಡು ಊರುಗಳ ನಡುವೆ ಮುರಿದ ಸಂಬಂಧಗಳನ್ನು ಹೇಳುತ್ತ ಹೋದರೆ ಬೆಳಗಾಗುತ್ತದೆ. ದೋನ್ ಕಸಿಮಿರೊನಿಗೆ ಜೊತೆ ಯಾರು ಎಂದು ಕ್ಲಬ್ಬಿನಲ್ಲಿ ಸಭೆ ಸೇರಿತು.

“ಯೋಚನೆ ಯಾಕ್ರಯ್ಯ?” ಎಂದ ಬಾಲ್ಬಿನೊ. ಆಗಷ್ಟೇ ಅಧ್ಯಕ್ಷನಾಗಿದ್ದ, ಫಲಕದ ಬಣ್ಣ ಇನ್ನೂ ಒಣಗಿರಲಿಲ್ಲ. “ವಿಶ್ವ ಚಾಂಪಿಯನ್ನ ಮನೇಲಿಟ್ಕೊಂಡು ಬೀದೀಲಿ ಹುಡುಕ್ತೀರಲ್ಲ! ನಮ್ಮ ಎವರಿಸ್ತೊ ಇಲ್ವಾ?”

ಮುಖ ಅಲುಗದಿರುವುದರಿಂದಲೇ ಚಾಂಪಿಯನ್ ಆದವನನ್ನು ಮುಖದಿಂದಲೇ ಆಡುವ ಆಟಕ್ಕೆ ಕೂರಿಸುವ ಬುದ್ಧಿ ನಮ್ಮೂರಿನವರಿಗೆ ಮಾತ್ರ ಬರುವಂಥದ್ದು. ಯಾರೂ ಬೇಡ ಎನ್ನಲಿಲ್ಲ. ಎಲ್ಲರೂ ದೋನ್ ಕಸಿಮಿರೊನ ಕಡೆ ತಿರುಗಿದರು. ಅವನು ಸಿಡಿಯುತ್ತಾನೆ ಎಂದು ನಾನು ಕಾದೆ. ಅವನು ಒಂದು ಗಳಿಗೆಯೂ ಯೋಚಿಸಲಿಲ್ಲ.

“ಆಗ್ಲಿ. ಚಪ್ಪಡೀನೇ ಇರ್ಲಿ.”

ಸಭೆ ಚಪ್ಪಾಳೆ ತಟ್ಟಿತು. ದೆಲ್ಮಿರಾ ಕಣ್ಣೊರೆಸಿಕೊಂಡಳು. ಮುದುಕನೂ ಬೆಳ್ಳಿ ಗೂಳಿಗೆ ಮರುಳಾದನಲ್ಲ ಎಂದು ನನಗೆ ಬೇಜಾರಾಯಿತು. ಎವರಿಸ್ತೊ ಮಾತ್ರ ಸೀದಾ ನನ್ನ ಅಂಗಡಿಗೆ ಬಂದು ಕನ್ನಡಿಯ ಮುಂದೆ ಕೂತ.

“ನಂಗೆ ಹುಬ್ಬು ಎತ್ತಕ್ಕೆ ಕಲಿಸು” ಎಂದ.

ಪಂದ್ಯದವರೆಗೆ ದಿನವೂ ಬೆಳಿಗ್ಗೆ ಇದೇ ಕೆಲಸ. ಬಿಸಿ ಟವೆಲ್ಲು ಹಣೆಗೆ ಹಾಕಿದೆ, ಎಣ್ಣೆ ತಿಕ್ಕಿದೆ, ಹುಬ್ಬನ್ನು ಬೆರಳಲ್ಲಿ ಹಿಡಿದು ಎತ್ತಿ ಬಿಟ್ಟೆ. ಕೈ ಬಿಟ್ಟ ಕೂಡಲೇ ಹುಬ್ಬು ಮೊದಲಿನ ಜಾಗಕ್ಕೇ ಬರುತ್ತಿತ್ತು. ನಾನು ಎದುರಿಗೆ ನಿಂತು ಕೋತಿಯಂತೆ ಹುಬ್ಬು ಕುಣಿಸುತ್ತಿದ್ದೆ. ಕ್ಷೌರಕ್ಕೆ ಬಂದವರು ನನ್ನನ್ನು ನೋಡಿ ತಿರುಗಿಹೋದದ್ದೂ ಉಂಟು. “ಯಾರೋ ಏನೋ ಸಂತೋಷದ ಸುದ್ದಿ ಹೇಳಿದ್ರು ಅಂದ್ಕೋ” ಎಂದೆ. “ಅಂದ್ಕೊಂಡೆ” ಎಂದ, ಚಪ್ಪಡಿಯ ಹಾಗೆಯೇ ಕೂತು. ಒಂದು ಬೆಳಿಗ್ಗೆ ದೆಲ್ಮಿರಾ ಒಳಗೆ ಬಂದು, ಅಪ್ಪ ಮೊನ್ನೆ ಊಟದ ಹೊತ್ತಿಗೆ ತಾನಾಗಿಯೇ ‘ಅವನು ಚೆನ್ನಾಗಿದಾನಾ’ ಎಂದು ಕೇಳಿದ ಎಂದಳು. ಕನ್ನಡಿಯಲ್ಲಿ ನೋಡುತ್ತಿದ್ದೆ. ಎಡ ಹುಬ್ಬು ಎಳ್ಳಷ್ಟು ಮೇಲಕ್ಕೆ ಹೋಗಿ ಬಂತು. ನನ್ನ ಕೈಯ ಬ್ರಷ್ಷು ಬಿದ್ದುಹೋಯಿತು. ಆಮೇಲೆ ಬಲದ್ದೂ ಬಂತು. ಕಡೆಯ ವಾರದ ಹೊತ್ತಿಗೆ ಬೆವರು ಸುರಿಸಿ ಎರಡನ್ನೂ ಒಟ್ಟಿಗೆ ಎತ್ತುವಷ್ಟಾದ.

ದೋನ್ ಕಸಿಮಿರೊನೂ ಆ ದಿನಗಳಲ್ಲಿ ಕ್ಷೌರಕ್ಕೆ ಬಂದ, ಮಗಳ ತೋಳು ಹಿಡಿದುಕೊಂಡು. “ಮೊಣಕಾಲು ನೋವು” ಎಂದ. ಬಾಗಿಲಲ್ಲಿ ನೇತುಹಾಕಿದ್ದ ನನ್ನ ಕೋಟಿಗೆ ಟೋಪಿ ತೆಗೆದು ನಮಸ್ಕಾರ ಹೇಳಿದ. ನಾವೆಲ್ಲ ನಕ್ಕೆವು, ಅವನು ಮೊದಲಿನಿಂದಲೂ ತಮಾಷೆಯ ಮನುಷ್ಯ. ನಾನು ಇನ್ನೂ ಅರ್ಧ ಕತ್ತರಿಸಿರುವಾಗಲೇ ಕನ್ನಡಿಯ ಕಡೆ ತಿರುಗಿ “ಭೇಷ್, ಚೆನ್ನಾಗಿದೆ” ಎಂದ. ಊರಿನವರ ಮುಖದ ಒಂದೊಂದು ಗೆರೆಯನ್ನೂ ಬಲ್ಲೆ ಎಂದು ಕೊಚ್ಚಿಕೊಳ್ಳುವ ನಾನು ಅದನ್ನೂ ತಮಾಷೆ ಎಂದೇ ತಿಳಿದೆ.

ಪಂದ್ಯದ ಭಾನುವಾರ ಬಯಲೆಲ್ಲ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಿತ್ತು. ಕ್ಲಬ್ಬಿನೊಳಗೆ ಇದ್ದಿಲ ಒಲೆ, ಅಂಗಳದಲ್ಲಿ ಕೆಂಡದ ಮೇಲೆ ಮಾಂಸ. ಊಟವಾದ ಮೇಲೆ ಆಟ ಶುರುವಾಯಿತು. ಎಲೆ ಕಲೆಸುವುದು, ಗೆದ್ದವರ ಕಡೆಗೆ ಲೆಕ್ಕದ ಹುರುಳಿಕಾಳು ಸರಿಸುವುದು ನನ್ನ ಕೆಲಸ, ಆದ್ದರಿಂದ ನಾನು ಮೇಜಿನ ಪಕ್ಕದಲ್ಲೇ ಇದ್ದೆ. ಎವರಿಸ್ತೊ ಆ ಕುರ್ಚಿಯಲ್ಲಿ ಕೂತಾಗ ಅದರ ಕೈಗಳನ್ನು ಮೆಲ್ಲಗೆ ಸವರಿದ್ದನ್ನು ನೋಡಿದೆ.

ಮೊದಲು ನಮ್ಮವರಿಗೆ ದೊಡ್ಡ ಎಲೆಗಳು ಬರಲಿಲ್ಲ, ಆದರೂ ದೋನ್ ಕಸಿಮಿರೊ ಎಲೆಗಳನ್ನು ಮೂಗಿನ ಹತ್ತಿರ ಹಿಡಿದು, ಗುಡುಗಿ, ಗದರಿಸಿ, ಬರೀ ಬಾಯಿಬಲದಿಂದಲೇ ಆಟವನ್ನು ಸಮ ಸಮ ತಂದ. ಕಾಳುಗಳು ಮುಗಿಯುತ್ತ ಬಂದವು. ಆಗ ಎವರಿಸ್ತೊನ ಕೈಗೆ ಮೂರು ಎಲೆ ಹೋದವು. ತೋರ್ದೋಸಿನವರು ಪಣ ಏರಿಸಿದರು, ನಮ್ಮವರು ಏರಿಸಿದರು, ಅವರು ಕೊನೆಯ ಮೆಟ್ಟಿಲಿಗೆ ಏರಿಸಿದರು. ಒಪ್ಪಿ ಗೆದ್ದರೆ ಪಂದ್ಯ ನಮ್ಮದು. ಬೇಡವೆಂದರೆ ಮೂರು ಕಾಳು ಅವರಿಗೆ. ನಮ್ಮ ಕ್ಲಬ್ಬಿನ ಪದ್ಧತಿಯಂತೆ ಉತ್ತರ ಕೊಡುವ ಹಕ್ಕು ಜೋಡಿಯಲ್ಲಿ ಹಿರಿಯನದು. ಕಿರಿಯನು ಬಾಯಿ ತೆರೆಯುವಂತಿಲ್ಲ.

ದೋನ್ ಕಸಿಮಿರೊ ಅಳಿಯನ ಕಡೆ ಮುಖ ಮಾಡಿ ಕೂತ. ಎವರಿಸ್ತೊನ ಹಣೆಯಲ್ಲಿ ಬೆವರೊಡೆಯಿತು. ಅವನ ಎರಡೂ ಹುಬ್ಬುಗಳು ನಡುಗಿದವು, ಅಲುಗಿದವು, ಆಮೇಲೆ ನಿಧಾನವಾಗಿ ಹಣೆಯ ಮಧ್ಯದವರೆಗೆ ಏರಿ ಅಲ್ಲೇ ನಿಂತವು. ಗುಟ್ಟಾಗಿ ಕೊಡುವುದು ಅವನಿಗೆಲ್ಲಿ ಬರಬೇಕು? ಇಡೀ ಕ್ಲಬ್ಬು ನೋಡಿತು. ತೋರ್ದೋಸಿನವರು ನೋಡಿದರು. ಒಲೆಯ ಹತ್ತಿರವಿದ್ದ ಮುದುಕಿಯರು ಎದ್ದು ನಿಂತು ನೋಡಿದರು. ಹಾ ಎಂಬ ಉಸಿರು ಗೋಡೆಯಿಂದ ಗೋಡೆಗೆ ಹೋಯಿತು.

“ಬೇಡ” ಎಂದು ದೋನ್ ಕಸಿಮಿರೊ ಎಲೆ ಬಿಸುಟ.

ಕ್ಲಬ್ಬು ಹುಚ್ಚೆದ್ದುಹೋಯಿತು. ಬಾಲ್ಬಿನೊ ಕುರ್ಚಿಯ ಮೇಲೆ ಹತ್ತಿದ. “ಅಯ್ಯೋ ಎತ್ತಿದ್ನಲ್ರೀ! ಎರಡೂ ಹುಬ್ಬು ಎತ್ತಿದ, ಎಲ್ಲರೂ ನೋಡಿದ್ವಿ! ದೋನ್ ಕಸಿಮಿರೊ, ನಿಮಗೆ ಕಾಣಲಿಲ್ವಾ?”

ಗದ್ದಲ ಒಮ್ಮೆಗೇ ನಿಂತಿತು. ದೋನ್ ಕಸಿಮಿರೊನ ಕೈ ಮೇಜಿನ ಮೇಲೆ ಲೋಟವನ್ನು ಹುಡುಕುತ್ತ ಹೋಗಿ, ಲೋಟದ ಪಕ್ಕದಲ್ಲಿ ಖಾಲಿ ಜಾಗವನ್ನು ಹಿಡಿಯಿತು. ಅವನ ಕಣ್ಣು ಅಳಿಯನ ಮುಖದ ಮೇಲಿರಲಿಲ್ಲ, ಅಳಿಯನ ಭುಜದಾಚೆ ಗೋಡೆಯ ಮೇಲಿತ್ತು. ಅದು ನನಗೆ ಕಂಡಿತು. ಎವರಿಸ್ತೊನಿಗೆ ನನಗಿಂತ ಮುಂಚೆ ಕಂಡಿತ್ತು. ಅವನ ಹುಬ್ಬುಗಳು ಕೆಳಗಿಳಿದವು.

“ಸೊಳ್ಳೆ” ಎಂದ.

“ಏನು?” ಎಂದ ಬಾಲ್ಬಿನೊ.

“ಹುಬ್ಬಿನ ಮೇಲೆ ಸೊಳ್ಳೆ ಕೂತಿತ್ತು, ಓಡಿಸ್ದೆ. ಸನ್ನೆ ಅಲ್ಲ ಅದು. ಸನ್ನೆ ಮಾಡಕ್ಕೆ ನಂಗೆಲ್ಲಿ ಬರತ್ತೆ? ನಿಮಗೆಲ್ಲ ಗೊತ್ತಿರೋದೇ ಅಲ್ವಾ.”

“ಹಾಗಾದ್ರೆ ಕತ್ತಿ ಎಕ್ಕ?”

“ಯಾವ ಎಕ್ಕ? ಕೈಯಲ್ಲಿ ಬರೀ ಕಸ” ಎಂದು ಮೂರು ಎಲೆಗಳನ್ನೂ ಕವುಚಿ ನನ್ನ ಕಡೆ ತಳ್ಳಿದ.

ಊರಿಗೆ ಊರೇ ಅವನ ಮುಖ ನೋಡಿತು. ಲೋಕದ ದೊಡ್ಡ ದೊಡ್ಡ ಜೂಜುಕೋರರು ನೋಡಿ ಸೋತ ಮುಖ ಅದು, ನಮ್ಮವರು ಯಾವ ಲೆಕ್ಕ? ನಂಬಿದರು. ಹೊರಗೆ ಹೊಲದಲ್ಲಿ ನೀರು ಹೆಪ್ಪುಗಟ್ಟಿದೆ, ಒಳಗೆ ಜನ ಪೋಂಚೊ ಕಂಬಳಿ ಹೊದ್ದು ಒಲೆಗೆ ಅಂಟಿಕೊಂಡಿದ್ದಾರೆ, ಆದರೂ ಜುಲೈ ಚಳಿಯಲ್ಲಿ ಸೊಳ್ಳೆ ಎಲ್ಲಿಂದ ಬಂತೆಂದು ಒಬ್ಬನೂ ಕೇಳಲಿಲ್ಲ. “ಥೂ, ಇವನ ಚಾಂಪಿಯನ್‌ಗಿರಿಗಿಷ್ಟು!” ಎಂದು ಬಾಲ್ಬಿನೊ ಕುರ್ಚಿಯಿಂದಿಳಿದ. ನಾನು ಎಲೆಗಳನ್ನು ಒಟ್ಟು ಮಾಡಿದೆ. ಎವರಿಸ್ತೊ ತಳ್ಳಿದ ಮೂರರಲ್ಲಿ ಮೇಲಿನದು ಕತ್ತಿ ಎಕ್ಕ. ಅವನ ಬೆವರಿಗೆ ಒದ್ದೆಯಾಗಿತ್ತು. ಬೇಗ ಕಲೆಸಿಬಿಟ್ಟೆ.

ಮುಂದಿನ ಕೈಯಲ್ಲಿ ನಿಜವಾಗಿಯೂ ಕಸ ಬಂತು, ಸೋತೆವು. ತೋರ್ದೋಸಿನವರು ಸೂಪಿನ ಪಾತ್ರೆಯನ್ನು ತಲೆಯ ಮೇಲಿಟ್ಟುಕೊಂಡು ಕುಣಿಯುತ್ತ ಹೊರಗೆ ಹೋದರು. ನಮ್ಮವರು ಎವರಿಸ್ತೊನನ್ನು ಬೈಯುತ್ತ ಮಾಂಸದ ಕಡೆಗೆ ಹೋದರು. ಮೇಜಿನಲ್ಲಿ ಉಳಿದವರು ಅವರಿಬ್ಬರೇ. ನಾನು ಕಾಳು ಆರಿಸುತ್ತಿದ್ದೆ.

“ಸೊಳ್ಳೆ ಇತ್ತೇನೋ?” ಎಂದ ದೋನ್ ಕಸಿಮಿರೊ.

“ಇತ್ತು.”

“ಈ ಚಳೀಲಿ?”

ಮುದುಕ ಅಂಗೈಯಿಂದ ಮುಖ ಉಜ್ಜಿಕೊಂಡ.

“ಎರಡು ಚಳಿಗಾಲ ಆಯ್ತು ಕಣೋ. ಎಲೇನ ಮೂಗಿನ ಹತ್ರ ಹಿಡಿದ್ರೆ ಗೊತ್ತಾಗತ್ತೆ. ಎದುರಿಗೆ ಇರೋ ಮುಖ ಬರೀ ಮೋಡ. ರೊಸೌರೊಗೆ ಗೊತ್ತಿತ್ತು, ಮೇಜಿನ ಕೆಳಗೆ ಕಾಲು ತುಳೀತಿದ್ದ. ಅವನು ಹೋದ್ಮೇಲೆ ಯಾರ ಜೊತೆ ಕೂತ್ರೂ ಮೊದಲನೇ ಆಟಕ್ಕೇ ಸಿಕ್ಕಿಬೀಳ್ತಿದ್ದೆ. ನಿನ್ನ ಜೊತೆ ಕೂತ್ರೆ, ಸನ್ನೆ ಕಾಣಲಿಲ್ವಾ ಅಂತ ಯಾರು ಕೇಳ್ತಾರೆ? ಕಾಣಕ್ಕೆ ಅಲ್ಲಿ ಏನೂ ಇರಲ್ವಲ್ಲ.”

“ಅದಕ್ಕೇ ಕರೆದ್ರಾ ನನ್ನ?”

“ಅದಕ್ಕೇ.”

ನನಗೆ ಆ ಮುದುಕನ ತಲೆಯ ಮೇಲೆ ಕಾಳಿನ ಡಬ್ಬ ಸುರಿಯಬೇಕು ಎನ್ನುವಷ್ಟು ಸಿಟ್ಟು ಬಂತು. ಎಷ್ಟು ಬೆಳಗಿನ ಬಿಸಿ ಟವೆಲ್ಲು, ಎಷ್ಟು ಬೆವರು! ಒಂದು ಮುಖ ಇಲ್ಲವೆಂಬ ಕಾರಣಕ್ಕೇ ಅವನಿಗೆ ಆ ಕುರ್ಚಿ ಸಿಕ್ಕಿದ್ದು. ಎವರಿಸ್ತೊ ತಲೆ ತಗ್ಗಿಸಿದ. ಕೂದಲ ಕೆಳಗೆ ಅವನ ಕಿವಿ ಸುಡುವಷ್ಟು ಕೆಂಪಾಗಿತ್ತು. ಹೊರಗೆ ಅವನನ್ನು ಬೈಯುವವರ ದನಿ ಇನ್ನೂ ಕೇಳಿಸುತ್ತಿತ್ತು. ಬಾಗಿಲವರೆಗೆ ಹೋಗಿ ಒಂದು ಮಾತು ಹೇಳಿದ್ದರೆ ಅವನ ಹೆಸರು ಉಳಿಯುತ್ತಿತ್ತು. ಅವನು ಕುರ್ಚಿಯಿಂದ ಏಳಲಿಲ್ಲ.

“ಇಷ್ಟು ವರ್ಷ ಇಲ್ಲದ ಮುಖ ಇವತ್ತೇ ಬರಬೇಕಿತ್ತೇನೋ ನಿಂಗೆ!” ಎಂದ ದೋನ್ ಕಸಿಮಿರೊ. ದನಿ ಒಡೆದಿತ್ತು. “ಬಾ ಇಲ್ಲಿ. ಹತ್ರ ಬಾ.”

ಎವರಿಸ್ತೊ ಮೇಜಿನ ಮೇಲೆ ಬಗ್ಗಿದ. ಮುದುಕ ಕೈ ಚಾಚಿ ಮೊದಲು ಅವನ ಮೂಗನ್ನು ಹಿಡಿದ, ಅಲ್ಲಿಂದ ಮೇಲಕ್ಕೆ ಹೋಗಿ ಎರಡು ಹೆಬ್ಬೆರಳನ್ನೂ ಎರಡು ಹುಬ್ಬಿನ ಮೇಲೆ ಇಟ್ಟ.

“ಎತ್ತು.”

ತುಂಬ ಹೊತ್ತು ಏನೂ ಆಗಲಿಲ್ಲ. ಆಮೇಲೆ ಆ ಹೆಬ್ಬೆರಳುಗಳು ನಿಧಾನವಾಗಿ ಮೇಲೇರಿದ್ದನ್ನು ನಾನು ಕಂಡೆ.

“ಕತ್ತಿ ಎಕ್ಕ” ಎಂದ ದೋನ್ ಕಸಿಮಿರೊ.

“ಹೌದು ಮಾವ.”

“ಎಷ್ಟು ದೊಡ್ಡದಾಗಿ ಎತ್ತಿದೀಯೋ, ದಡ್ಡ ಮುಂಡೇದೆ. ತೋರ್ದೋಸಿನ ಹಸುಗಳಿಗೂ ಕಂಡಿರತ್ತೆ” ಎಂದು ಮುದುಕ ನಕ್ಕ. ಕಣ್ಣಲ್ಲಿ ನೀರು ಬಂದಿತ್ತು. ನನಗೂ ಬಂತು, ಸುಳ್ಳೇಕೆ ಹೇಳಲಿ.

ಸೊಳ್ಳೆಯ ಸುದ್ದಿ ಪತ್ರಿಕೆಗೆ ಹೋಯಿತು. ಸೊಳ್ಳೆಗೆ ಹುಬ್ಬು ಅಲುಗಿಸಿದ ಮನುಷ್ಯ ನಮಗೆ ಬೇಡವೆಂದು ಬತ್ತಿ ಕಂಪನಿಯವರು ಜಾಹೀರಾತು ನಿಲ್ಲಿಸಿದರು. ಫಲಕ ತೆಗೆಸುವುದೆಂದು ಬಾಲ್ಬಿನೊ ಠರಾವು ಮಾಡಿಸಿದ, ತೆಗೆಯುವುದಕ್ಕೆ ಏಣಿ ಸಿಗದೆ ಅದು ಹಾಗೇ ಉಳಿಯಿತು. ಇದೆಲ್ಲ ಆಮೇಲಿನದು. ಆ ಸಂಜೆ ದೋನ್ ಕಸಿಮಿರೊ ಎದ್ದು, ಕೋಟಿನ ಹಿತ್ತಾಳೆ ಗುಂಡಿ ಹಾಕಿಕೊಂಡು, ಗಾಳಿಯಲ್ಲಿ ಕೈ ಚಾಚಿದ.

“ಮನೇವರೆಗೂ ಕೈ ಕೊಡು, ಅಳಿಯ. ಯಾರಾದ್ರೂ ಕೇಳಿದ್ರೆ ಮೊಣಕಾಲು ನೋವು ಅನ್ನು. ನೀನು ಹೇಳಿದ್ರೆ ನಂಬ್ತಾರೆ.”

ಇಬ್ಬರೂ ಅಂಗಳ ದಾಟಿ ಹೋದರು. ಕೆಂಡದ ಹತ್ತಿರ ನಿಂತಿದ್ದ ಬಾಲ್ಬಿನೊ ಬಾಯಲ್ಲಿ ಮಾಂಸ ತುಂಬಿಕೊಂಡು, “ಏನಾಯ್ತು ದೋನ್ ಕಸಿಮಿರೊಗೆ?” ಎಂದು ಕೂಗಿದ.

“ಮೊಣಕಾಲು” ಎಂದ ಎವರಿಸ್ತೊ, ಚಪ್ಪಡಿಯಂಥ ಮುಖದಲ್ಲಿ. ಅಷ್ಟರಲ್ಲಿ ಬಯಲಿನ ಗಾಳಿ ಬೀಸಿ ಅವನ ಕೂದಲು ಹಾರಿತು. ಎರಡು ಕಿವಿಯೂ ಕೆಂಪಗೆ ಉರಿಯುತ್ತಿದ್ದವು. ಭುಜ ಕುಣಿಯುತ್ತಿತ್ತು.